ಓದುಗರ ಪ್ರಶ್ನೆಗೆ ಉತ್ತರ: ಗೇರ್‌ಗಿಂತ ಮೊದಲು ಬ್ರೇಕ್ ಕಲಿಯಿರಿ

ಪ್ರಶ್ನೆ: ನಾನು ಅಣ್ಣಿಗೇರಿಯವಳು, ವಯಸ್ಸು 23. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕೆಲಸ ಸಿಕ್ಕಿದ್ದು, ಇನ್ನು ಹದಿನೈದು ದಿನಕ್ಕೆ ಸೇರಿಕೊಳ್ಳಬೇಕಾಗಿದೆ. ಅಣ್ಣ 2016ರಲ್ಲಿ ಕೊಂಡ 100 ಸಿ.ಸಿ. ಬೈಕನ್ನು ನನಗೆ ಬಿಟ್ಟುಕೊಟ್ಟಿದ್ದಾನೆ. ಸೈಕಲ್ ಚೆನ್ನಾಗಿ ಬರುತ್ತದೆ. ಗೇರ್ ಗಾಡಿಯನ್ನು ಒಮ್ಮೆಯೂ ಮುಟ್ಟಿಲ್ಲ. ಅಷ್ಟರೊಳಗೆ ಕಲಿತು ದಿನವೂ ಬೈಕಿನಲ್ಲೇ ಹೋಗಿಬರಬಹುದೇ?

ಉತ್ತರ: ಹದಿನೈದು ದಿನದಲ್ಲಿ ಗಾಡಿ ಓಡಿಸಲು ಬಂದೀತು, ಆದರೆ ಗದಗ ರಸ್ತೆಯಲ್ಲಿ ದಿನಕ್ಕೆ ಸುಮಾರು 70 ಕಿಲೋಮೀಟರ್ ಓಡಾಡುವಷ್ಟು ಕೈ ಪಳಗುವುದಿಲ್ಲ. ಕಾನೂನೂ ಒಪ್ಪುವುದಿಲ್ಲ. ಎಲ್.ಎಲ್.ಆರ್. (ಕಲಿಯುವವರ ಲೈಸೆನ್ಸ್) ಪಡೆದು 30 ದಿನ ಕಳೆದ ಮೇಲಷ್ಟೇ ಡಿ.ಎಲ್. (ಪೂರ್ಣ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು. ಎಲ್.ಎಲ್.ಆರ್. ಅವಧಿ ಆರು ತಿಂಗಳು ಇರುವುದರಿಂದ ಅವಸರಪಡುವ ಕಾರಣವೂ ಇಲ್ಲ. ಆ ಅವಧಿಯಲ್ಲಿ ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ಎಲ್ ಫಲಕ ಇರಬೇಕು, ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ಡಿ.ಎಲ್. ಕೈಗೆ ಬರುವವರೆಗೆ ಕೆಲಸಕ್ಕೆ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಹೋಗಿಬನ್ನಿ, ಬೆಳಗಿನ ಅರ್ಧ ತಾಸನ್ನು ಖಾಲಿ ಮೈದಾನದ ಅಭ್ಯಾಸಕ್ಕೆ ಮೀಸಲಿಡಿ.

ಮೈದಾನದಲ್ಲಿ ಮೊದಲು ರೇಸ್ ಕೊಡದೆ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ, ಗಾಡಿ ಎಲ್ಲಿ ಮುಂದಕ್ಕೆ ಎಳೆಯಲು ಆರಂಭಿಸುತ್ತದೆ ಎಂಬುದನ್ನು ಬೆರಳಿಗೆ ರೂಢಿ ಮಾಡಿಸಿ. ಸೈಕಲ್ ಬಲ್ಲವರಿಗೆ ಸಮತೋಲನ ಇರುವುದರಿಂದ ಗೇರ್ ಬದಲಿಸುವುದು ಒಂದು ವಾರದಲ್ಲಿ ಸಲೀಸಾಗುತ್ತದೆ. ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಮುಂದಿನ ಬ್ರೇಕ್ ಹಿಡಿದರೆ ಗಾಡಿ ಪಲ್ಟಿಯಾಗುತ್ತದೆ ಎಂದು ಹೆದರಿಸಿ ಹಿಂದಿನದನ್ನು ಮಾತ್ರ ತುಳಿಯಲು ಕಲಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ಇದರಷ್ಟು ಅಪಾಯದ ಪಾಠ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಬ್ರೇಕ್ ಹಾಕಿದ ಕ್ಷಣದಲ್ಲಿ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬಿದ್ದು ಹಿಂದಿನದು ಹಗುರಾಗುವುದರಿಂದ, ಹಿಂದಿನ ಬ್ರೇಕ್ ಒಂದನ್ನೇ ಒತ್ತಿ ತುಳಿದರೆ ಆ ಗಾಲಿ ತಿರುಗುವುದನ್ನು ನಿಲ್ಲಿಸಿ ಪಕ್ಕಕ್ಕೆ ಜಾರುತ್ತದೆ. ಎರಡನ್ನೂ ಕೂಡಿಯೇ ಹಿಡಿಯಬೇಕು. ಮುಂದಿನದನ್ನು ಒಮ್ಮೆಲೇ ಕಿತ್ತೆಳೆಯದೆ, ನಿಂಬೆಹಣ್ಣು ಹಿಂಡುವಂತೆ ಮೆಲ್ಲನೆ ಬಿಗಿ ಹೆಚ್ಚಿಸುತ್ತ ಹೋಗಬೇಕು. 20 ಕಿಲೋಮೀಟರ್ ವೇಗದಿಂದ ಆರಂಭಿಸಿ, ಗುರುತಿಟ್ಟ ಜಾಗದಲ್ಲಿ ನಿಲ್ಲುವುದನ್ನು ದಿನಕ್ಕೆ ಇಪ್ಪತ್ತು ಸಲವಾದರೂ ಮಾಡಿ. 125 ಸಿ.ಸಿ. ಮೀರಿದ ಬೈಕುಗಳಿಗೆ ಎ.ಬಿ.ಎಸ್. (ಬ್ರೇಕ್ ಒತ್ತಿದಾಗ ಗಾಲಿ ತಿರುಗುವುದು ನಿಲ್ಲದಂತೆ ತಡೆಯುವ ವ್ಯವಸ್ಥೆ), ಅದಕ್ಕಿಂತ ಚಿಕ್ಕವಕ್ಕೆ ಸಿ.ಬಿ.ಎಸ್. (ಒಂದು ಬ್ರೇಕ್ ಹಿಡಿದರೆ ಎರಡೂ ಗಾಲಿಗೆ ಹಿಡಿಯುವ ವ್ಯವಸ್ಥೆ) ಆದರೂ ಇರಬೇಕೆಂಬ ನಿಯಮ ಪೂರ್ತಿಯಾಗಿ ಜಾರಿಯಾದದ್ದು 2019ರ ಏಪ್ರಿಲ್‌ನಲ್ಲಿ. ನಿಮ್ಮದು ಅದಕ್ಕೂ ಹಿಂದಿನ ಗಾಡಿಯಾದ್ದರಿಂದ ಆ ಕೆಲಸವನ್ನೆಲ್ಲ ನಿಮ್ಮ ಕೈಕಾಲುಗಳೇ ಮಾಡಬೇಕಾಗುತ್ತದೆ.

ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆ. 60ರ ವೇಗದಲ್ಲಿ ಒಂದೇ ಸೆಕೆಂಡಿನಲ್ಲಿ ಗಾಡಿ ಸುಮಾರು 17 ಮೀಟರ್ ಸಾಗುತ್ತದೆ, ಅಂದರೆ ಅಪಾಯವನ್ನು ಕಂಡು ಬೆರಳು ಬ್ರೇಕನ್ನು ಮುಟ್ಟುವಷ್ಟರಲ್ಲೇ ಒಂದೂವರೆ ಬಸ್ಸಿನಷ್ಟು ಉದ್ದ ಕಳೆದಿರುತ್ತದೆ.

ಇನ್ನು ನಿಮ್ಮ ದಾರಿಯ ವಿಷಯ. ಅಣ್ಣಿಗೇರಿ, ನವಲಗುಂದ, ಗದಗದ ಸುತ್ತಲಿನದು ಎರೆಭೂಮಿ. ಮಳೆಯಾದಾಗ ಹೊಲದಿಂದ ಬಂದ ಟ್ರ್ಯಾಕ್ಟರ್ ಗಾಲಿಗಳಿಂದ ಉದುರಿದ ಮಣ್ಣು ಡಾಂಬರಿನ ಮೇಲೆ ಬೆಣ್ಣೆಯಂತಾಗಿರುತ್ತದೆ. ನಾನು ಹೊಸದಾಗಿ ಕಲಿತಾಗ ನವಲಗುಂದದ ದಾರಿಯಲ್ಲಿ ಅಂಥ ಮಣ್ಣಿನ ಮೇಲೆ ಗಾಬರಿಯಿಂದ ಮುಂದಿನ ಬ್ರೇಕ್ ಹಿಡಿದು ಬಿದ್ದಿದ್ದೆ; ಮೊಣಕೈ ತಿಂಗಳುಗಟ್ಟಲೆ ನೋಯುತ್ತಿತ್ತು. ಮಣ್ಣು ಕಂಡೊಡನೆ, ಅದನ್ನು ತಲುಪುವ ಮೊದಲೇ ವೇಗ ಇಳಿಸಿ, ಅದರ ಮೇಲೆ ಬ್ರೇಕ್ ಮುಟ್ಟದೆ, ಗಾಡಿಯನ್ನು ವಾಲಿಸದೆ ನೇರವಾಗಿ ದಾಟಿ. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ರಾಶಿ ಹರಡಿದ ಕಡೆಗೂ ಇದೇ ಮಾತು. ಕತ್ತಲಾದ ಮೇಲೆ ಹಿಂದೆ ದೀಪವಿಲ್ಲದ ಟ್ರೇಲರ್, ಚಕ್ಕಡಿಗಳು ಎದುರಾಗುತ್ತವೆ. ಮೊದಲ ಕೆಲವು ತಿಂಗಳು ರಾತ್ರಿ ಪ್ರಯಾಣ ಬೇಡವೇ ಬೇಡ.

ಬೆಳಿಗ್ಗೆ ನೀವು ಪಡುವಣಕ್ಕೆ ಹೋಗುವಾಗ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ನಿಮಗೆ ರಸ್ತೆ ನಿಚ್ಚಳವಾಗಿ ಕಂಡರೂ ಎದುರಿನಿಂದ ಬರುವವರ ಕಣ್ಣು ಕುಕ್ಕುವುದರಿಂದ ಅವರಿಗೆ ನೀವು ಕಾಣದೇ ಇರಬಹುದು. ಗಾಡಿ ಚಾಲೂ ಆದೊಡನೆ ತಾನೇ ಹೆಡ್‌ಲೈಟ್ ಹತ್ತುವ ವ್ಯವಸ್ಥೆ 2017ರಿಂದ ಈಚಿನದು. ನಿಮ್ಮ ಗಾಡಿಯಲ್ಲಿ ಹಗಲಿನಲ್ಲೂ ನೀವೇ ಹಾಕಿಕೊಳ್ಳಬೇಕು. ಹುಬ್ಬಳ್ಳಿಯೊಳಗೆ ಬಿ.ಆರ್.ಟಿ.ಎಸ್. ಪಥದ (ಬಸ್ಸುಗಳಿಗೇ ಮೀಸಲಾದ ಪಥದ) ಚಿಗರಿ ಬಸ್ ನಿಲ್ದಾಣಗಳು ರಸ್ತೆಯ ನಡುವೆ ಇರುವುದರಿಂದ ಜನ ಎರಡೂ ಕಡೆಯಿಂದ ದಾಟುತ್ತಿರುತ್ತಾರೆ. ಅಲ್ಲಿ ಎರಡು ಬೆರಳು ಸದಾ ಬ್ರೇಕಿನ ಮೇಲಿರಲಿ.

ಹೆಲ್ಮೆಟ್ ಐ.ಎಸ್.ಐ. ಗುರುತಿನದಾಗಿರಲಿ, ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯಾಗಿ ಹಾಕಿಕೊಳ್ಳಿ. ಚೂಡಿದಾರ್ ಧರಿಸುವವರಾದರೆ ವೇಲನ್ನು ಎರಡೂ ತುದಿ ಸೇರಿಸಿ ಗಂಟು ಹಾಕಿ ಜಾಕೆಟ್ಟಿನೊಳಗೆ ಸೇರಿಸಿ. ಅದು ಹಿಂದಿನ ಗಾಲಿಗೆ ಸುತ್ತಿಕೊಂಡರೆ ಕುತ್ತಿಗೆಗೇ ಕುತ್ತು. ಹೊರಡುವಾಗ ಸೈಡ್ ಸ್ಟ್ಯಾಂಡ್ ಎತ್ತಿದ್ದೀರಾ ಎಂದು ಪ್ರತಿ ಸಲವೂ ನೋಡಿಕೊಳ್ಳಿ.

ಪ್ರಶ್ನೆ: ಮಗನಿಗೆ 17 ವರ್ಷ, ಬ್ಯಾಡಗಿಯಲ್ಲಿ ಪಿ.ಯು.ಸಿ. ಓದುತ್ತಿದ್ದಾನೆ. ಕಾಲೇಜಿಗಷ್ಟೇ ಸ್ಕೂಟರ್ ಕೊಡಬಹುದೇ?

ಉತ್ತರ: ಕೊಡಬೇಡಿ. 16 ತುಂಬಿದವರಿಗೆ ಅನುಮತಿಯಿರುವುದು 50 ಸಿ.ಸಿ. ಮೀರದ ಗೇರ್‌ರಹಿತ ಗಾಡಿಗೆ ಮಾತ್ರ, ಅದೂ ಲೈಸೆನ್ಸ್ ಪಡೆದ ಮೇಲೆ. ಈಗ ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ 100 ಸಿ.ಸಿ.ಗೂ ಮೇಲಿನವು. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಹಾಗೆ ಅಪರಾಧ ಮಾಡಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಸದ್ಯಕ್ಕೆ ಬಸ್ ಪಾಸ್ ಮಾಡಿಸಿಕೊಡಿ. 18 ತುಂಬಿದ ವಾರವೇ ಎಲ್.ಎಲ್.ಆರ್. ಮಾಡಿಸಿ, ನೀವೇ ಮೈದಾನಕ್ಕೆ ಕರೆದುಕೊಂಡು ಹೋಗಿ.