ಒಪ್ಪತ್ತು ಮಾಡಿದರೂ ಇಳಿಯದ ತೂಕ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯ ಗೃಹಿಣಿ, ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಎತ್ತರ 154 ಸೆಂ.ಮೀ., ತೂಕ 84 ಕೆ.ಜಿ., ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎನ್ನುವ ಅಳತೆ) 35.4, ಸೊಂಟದ ಸುತ್ತಳತೆ 102 ಸೆಂ.ಮೀ. ಭಾರತೀಯರಲ್ಲಿ ಬಿಎಂಐ 25 ಮುಟ್ಟಿದರೆ ಬೊಜ್ಜು ಎಂದು ಲೆಕ್ಕ. ಹೆಂಗಸರ ಸೊಂಟ 80 ದಾಟಬಾರದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ನುಂಗುತ್ತಿದ್ದರು.

"ನಂಗೆ ಬಾಯಿ ಕಟ್ಟಕ್ಕಾಗಲ್ಲ" ಎಂದೇ ಮಾತು ಶುರುಮಾಡಿದರು. ಮನೆಯವರೂ ಅದನ್ನೇ ಹೇಳುತ್ತಿದ್ದರಂತೆ.

ಮೂರು ದಿನ ತಿಂದದ್ದನ್ನೆಲ್ಲ ಗಂಟೆ ಸಮೇತ ಬರೆದು ತರಲು ಹೇಳಿದಾಗ ಬೇರೆಯದೇ ಕಂಡಿತು. ತೂಕ ಇಳಿಸಲು ಬೆಳಗಿನ ತಿಂಡಿ ಬಿಟ್ಟಿದ್ದರು, ಮಾತ್ರೆ ಬಿಟ್ಟಿರಲಿಲ್ಲ. ಹನ್ನೊಂದರ ಹೊತ್ತಿಗೆ ಬೆವರು, ಕೈನಡುಕ, ತಡೆಯಲಾಗದ ಹಸಿವು. ಆಗ ಬೆಲ್ಲ, ಅವಲಕ್ಕಿ, ಹಲಸಿನ ಚಿಪ್ಸ್ ಕೈಗೆ ಸಿಕ್ಕಷ್ಟು. ಅಂಥದೊಂದು ಹೊತ್ತಲ್ಲಿ ಗ್ಲೂಕೋಮೀಟರ್ ರಕ್ತದ ಸಕ್ಕರೆ ಬರೀ 62 ಎಂದು ತೋರಿಸಿತ್ತು. ಗ್ಲಿಮೆಪಿರೈಡ್ ಊಟ ಆಗಿದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತದೆ. ತೂಕ ಏರಿಸುವ ಗುಣವೂ ಅದಕ್ಕಿದೆ. ಇದನ್ನು ಬಾಯಿಚಪಲ ಎನ್ನುವುದು ಅನ್ಯಾಯ. ಇಳಿದ ಸಕ್ಕರೆಯನ್ನು ಮೇಲೆತ್ತಲು ದೇಹವೇ ತಿನ್ನಿಸುತ್ತಿತ್ತು.

ಮೊದಲ ಸಲಹೆ, ಒಪ್ಪತ್ತು ಕೂಡಲೇ ನಿಲ್ಲಿಸಿ. ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಆ ಮೂರು ದಿನದ ಚೀಟಿ ಹಿಡಿದು ವೈದ್ಯರ ಬಳಿ ಹೋಗಬೇಕು. ಅವರು ಗ್ಲಿಮೆಪಿರೈಡ್ ತೆಗೆದು ಬೇರೆ ಔಷಧಿ ಬರೆದರು. ಅಲ್ಲಿಯವರೆಗೆ ಸಕ್ಕರೆ 70ಕ್ಕಿಂತ ಇಳಿದರೆ ನೀರಿಗೆ ಮೂರು ಟೀ ಚಮಚ ಸಕ್ಕರೆ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು. ಡಬ್ಬದ ಬೆಲ್ಲ ಬೇಡ, ಅದಕ್ಕೆ ಅಳತೆ ಇರುವುದಿಲ್ಲ.

ಗೊರಕೆ, ಹಗಲು ತೂಕಡಿಕೆ ಇದ್ದುದರಿಂದ ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆಯ ಪರೀಕ್ಷೆಗೂ, ಜೊತೆಗೆ ಥೈರಾಯ್ಡ್ ಪರೀಕ್ಷೆಗೂ ಕಳಿಸಿದ್ದಾಯಿತು.

ಊಟದಲ್ಲಿ ಅಕ್ಕಿ ರೊಟ್ಟಿ ಬಿಡಿಸಲಿಲ್ಲ. ಮೂರರ ಬದಲು ಒಂದೂವರೆ, ಪಕ್ಕದಲ್ಲಿ ಒಂದು ಬಟ್ಟಲು ಹುರುಳಿ ಅಥವಾ ಹೆಸರುಕಾಳಿನ ಉಸಲಿ. ಮಧ್ಯಾಹ್ನ ಮಜ್ಜಿಗೆಯ ತಂಬುಳಿ, ಪಲ್ಯ ಜಾಸ್ತಿ, ಅನ್ನ ಕಡಿಮೆ. ದೊಡ್ಡ ಉಳಿತಾಯ ಸಿಕ್ಕಿದ್ದು ಕಾಫಿಯಲ್ಲಿ: ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ 50 ಗ್ರಾಂ ಸಕ್ಕರೆ, ಸುಮಾರು 200 ಕ್ಯಾಲೊರಿ. ಮಳೆಗಾಲದಲ್ಲಿ ಜಾರುವ ತೋಟದ ದಾರಿಯ ನಡಿಗೆ ಬೇಡ. ಜಗಲಿಯಲ್ಲೇ ಹತ್ತು ಹತ್ತು ನಿಮಿಷ ಮೂರು ಹೊತ್ತು, ಜೊತೆಗೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ. ಮಾಂಸಖಂಡ ಉಳಿಯಬೇಕಾದರೆ ಕೊನೆಯದು ಬಿಡುವಂತಿಲ್ಲ.

ಆರು ತಿಂಗಳಿಗೆ ತೂಕ 79ಕ್ಕೆ ಬಂತು, ಅಲ್ಲೇ ನಿಂತಿತು. ಅವರಿಗೆ ಬೇಸರ. ಆದರೆ ಶೇ. 5ರಷ್ಟು ಇಳಿದರೂ ಸಕ್ಕರೆ, ರಕ್ತದೊತ್ತಡಕ್ಕೆ ಲಾಭವೇ. ದೇಹ ಹಗುರಾದಂತೆ ಖರ್ಚಾಗುವ ಶಕ್ತಿಯೂ ತಗ್ಗುತ್ತದೆ, ಹಸಿವು ಹೆಚ್ಚುತ್ತದೆ. ತೂಕ ನಿಲ್ಲುವುದು ಅದಕ್ಕೆ.

ಬೆಂಗಳೂರಿನ ನೆಂಟರು ಹೇಳಿದ, ತೂಕ ಇಳಿಸುವ ವಾರದ ಇಂಜೆಕ್ಷನ್ ಬಗ್ಗೆ ಕೇಳಿದರು. ಅದರ ಹೆಸರು ಸೆಮಾಗ್ಲುಟೈಡ್. ವಾರಕ್ಕೆ 0.25 ಮಿ.ಗ್ರಾಂ.ನಿಂದ ಶುರು, ನಾಲ್ಕು ವಾರಕ್ಕೊಮ್ಮೆ ಏರಿಸುತ್ತ 2.4ರವರೆಗೆ. ಅವಸರದಲ್ಲಿ ಏರಿಸಿದರೆ ವಾಂತಿ, ಮಲಬದ್ಧತೆ. ದೊಡ್ಡ ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ಇಳಿದಿತ್ತು, ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿತ್ತು. ಹಾಗಾಗಿ ಮದುವೆ ಮುಂಜಿಗೆ ಮೂರು ತಿಂಗಳು ಚುಚ್ಚಿಸಿಕೊಳ್ಳುವ ಔಷಧಿ ಇದಲ್ಲ. ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಮನೆತನದಲ್ಲಿದ್ದರೆ ಕೊಡುವುದಿಲ್ಲ. ಮೇದೋಜೀರಕದ ಉರಿಯೂತ ಆಗಿದ್ದರೆ ಮೊದಲೇ ತಿಳಿಸಬೇಕು. ಗರ್ಭ ಧರಿಸುವ ಯೋಚನೆಯಿದ್ದರೆ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ತೆರೆಯದ ಪೆನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಆಷಾಢದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಲ್ಲಿ ಇದು ಸಣ್ಣ ಮಾತಲ್ಲ.

ಬಿಎಂಐ 32.5 ದಾಟಿ ಸಕ್ಕರೆ ಕಾಯಿಲೆಯೂ ಇದ್ದವರಿಗೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ದಾರಿಯೂ ಇದೆ ಎಂದು ತಿಳಿಸಿದ್ದಾಯಿತು. ಆಮೇಲೆ ಜೀವನವಿಡೀ ವಿಟಮಿನ್, ಕಬ್ಬಿಣದ ಮಾತ್ರೆ ಬೇಕಾಗುತ್ತದೆ ಎಂಬುದನ್ನೂ. ಅದು ಸದ್ಯಕ್ಕೆ ಬೇಡ ಎಂದರು. ಇಂಜೆಕ್ಷನ್‌ನ ಖರ್ಚನ್ನು ಗಂಡನ ಜೊತೆ ಕೂತು ವರ್ಷದ ಲೆಕ್ಕದಲ್ಲಿ ನೋಡಿಕೊಂಡು, ವೈದ್ಯರ ಮುಂದಿನ ಭೇಟಿಯಲ್ಲಿ ತೀರ್ಮಾನಿಸುವುದಾಗಿ ಹೇಳಿ ಹೋಗಿದ್ದಾರೆ.