ಗುಣವಾಚಕ ಬಿಡಿ, ನಡೆದದ್ದನ್ನು ಬರೆಯಿರಿ

ಪ್ರಿಯ ಬರಹಗಾರರೇ,

‘ಪ್ರವಾದಿ ಜೀವನ ನಮಗೆ ಮಾದರಿ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ತಿದ್ದಿದರೆ ಖಂಡಿತ ನಿಲ್ಲುವ ಲೇಖನ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ತೆಗೆಯಬೇಕಾದದ್ದು, ಪ್ರವಾದಿ ಮುಹಮ್ಮದರ ಮೇಲೆ ದಿನವೂ ಕಸ ಎಸೆಯುತ್ತಿದ್ದ ಮುದುಕಿಯ ಕಥೆ. ಲೇಖನದ ಕಾಲುಭಾಗ ಅದಕ್ಕೇ ಹೋಗಿದೆ. ಭಾಷಣಗಳಲ್ಲಿ ಕೇಳಿ ಕೇಳಿ ಅದು ನಿಜವೆನಿಸಿಬಿಟ್ಟಿದೆ, ಆದರೆ ಪ್ರಮಾಣಿತ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಂಗ್ರಹಗಳಲ್ಲಿ ಇಲ್ಲ. ತಮ್ಮ ಹೆಸರಿನಲ್ಲಿ ಸುಳ್ಳು ಹೇಳುವವರನ್ನು ಪ್ರವಾದಿ(ಸ: ಅವರ ಮೇಲೆ ಅಲ್ಲಾಹನ ಕೃಪೆ, ಶಾಂತಿ ಇರಲಿ)ಯವರೇ ಕಟುವಾಗಿ ಎಚ್ಚರಿಸಿದ್ದಾರೆ. ಉದ್ದೇಶ ಒಳ್ಳೆಯದೆಂದು ಇಲ್ಲಿ ಸಡಿಲ ಬಿಡುವಂತಿಲ್ಲ. ಕ್ಷಮೆಗೆ ಉದಾಹರಣೆ ಬೇಕೆಂದರೆ ಅವರನ್ನು ತಿರಸ್ಕರಿಸಿದ ತಾಯಿಫ್ ಊರಿನ ಘಟನೆ ಇದೆಯಲ್ಲ! ಉಹುದ್ ಯುದ್ಧದ ದಿನಕ್ಕಿಂತ ಕಠಿಣವಾದ ದಿನವನ್ನು ಕಂಡಿರಾ ಎಂದು ಪತ್ನಿ ಆಯಿಶಾ(ರ: ಅಲ್ಲಾಹನು ಅವರನ್ನು ಮೆಚ್ಚಲಿ) ಕೇಳಿದಾಗ ಅವರು ಆ ದಿನವನ್ನೇ ನೆನೆದ ಹದೀಸ್ ಬುಖಾರಿ, ಮುಸ್ಲಿಂ ಎಂಬ ಎರಡೂ ಸಂಗ್ರಹಗಳಲ್ಲಿ ಇದೆ. ತಿರಸ್ಕರಿಸಿದ ಜನರನ್ನು ಬೆಟ್ಟಗಳ ನಡುವೆ ಅರೆದುಬಿಡಲೇ ಎಂದು ಬೆಟ್ಟಗಳ ಮಲಕ್ (ದೇವದೂತ) ಕೇಳಿದಾಗ, ಅವರ ಸಂತತಿಯಲ್ಲಿ ಅಲ್ಲಾಹನೊಬ್ಬನನ್ನೇ ಆರಾಧಿಸುವವರು ಹುಟ್ಟಬಹುದೆಂಬ ನಿರೀಕ್ಷೆಯನ್ನು ಅವರು ಹೇಳಿದರು.

ಎರಡನೆಯದು, ‘ಉಸ್ವತುನ್ ಹಸನಾ’ (ಉತ್ತಮ ಮಾದರಿ) ಎಂಬ ಮಾತು ಬರುವ ಕುರ್‌ಆನ್ ವಚನ 33:21ನ್ನು ನೀವು ತೋರಣದಂತೆ ಮೇಲೆ ಕಟ್ಟಿ ಮುಂದೆ ಹೋಗಿದ್ದೀರಿ. ಅದರ ಸಂದರ್ಭ ಹೇಳಿ. ಅಹ್‌ಝಾಬ್ ಅಧ್ಯಾಯದ ಆ ಭಾಗ ಹಿಜರಿ 5ರಲ್ಲಿ, ಅಂದರೆ ಕ್ರಿ.ಶ. 627ರಲ್ಲಿ, ಮದೀನಾಕ್ಕೆ ಮುತ್ತಿಗೆ ಬಿದ್ದ ಕಾಲದ್ದು. ಕಂದಕ ತೋಡುವಾಗ ಪ್ರವಾದಿ(ಸ)ಯವರೂ ಮಣ್ಣು ಹೊತ್ತರು, ಹೊಟ್ಟೆಯ ಮೇಲೆಲ್ಲ ಧೂಳು ಮೆತ್ತಿತ್ತು. ಮಾದರಿ ಎಂಬ ಪದದ ಹಿಂದೆ ಭಯ, ಹಸಿವು, ಬೆವರು ಇವೆ ಎಂಬುದು ಓದುಗರಿಗೆ ಆಗ ತಿಳಿಯುತ್ತದೆ.

ಮಕ್ಕಾದವರೊಡನೆ ಆದ ಹುದೈಬಿಯಾ ಒಪ್ಪಂದವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿರುವುದು ನಮಗೆ ಬೇಸರ ತಂದಿತು. ನಿಮ್ಮ ವಿಷಯಕ್ಕೆ ಅದಕ್ಕಿಂತ ಬಲವಾದ ಘಟನೆ ಸಿಗುವುದು ಕಷ್ಟ. ಹಿಜರಿ 6ರಲ್ಲಿ ಉಮ್ರಾಕ್ಕೆ (ಮಕ್ಕಾದ ಕಿರುಯಾತ್ರೆಗೆ) ಹೊರಟವರು ಒಪ್ಪಂದದಂತೆ ಕಅಬಾ ಕಾಣದೆ ಮರಳಬೇಕಾಯಿತು. ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿ(ಸ)ಯವರು ಮೂರು ಸಲ ಹೇಳಿದರೂ ನೊಂದ ಸಹಾಬಿಗಳು (ಸಂಗಾತಿಗಳು) ಏಳಲಿಲ್ಲ. ಆಗ ಪತ್ನಿ ಉಮ್ಮು ಸಲಮಾ(ರ) ಕೊಟ್ಟ ಸಲಹೆ: ಯಾರೊಡನೆಯೂ ಮಾತನಾಡದೆ ಹೋಗಿ ನಿಮ್ಮ ಬಲಿ ಕೊಡಿ, ಕ್ಷೌರಿಕನನ್ನು ಕರೆಸಿ. ಹಾಗೆಯೇ ಮಾಡಿದರು, ಎಲ್ಲರೂ ಎದ್ದರು. ಮಾತು ಸೋತಲ್ಲಿ ನಡೆ ಗೆದ್ದದ್ದು, ಪತ್ನಿಯ ಸಲಹೆಗೆ ಪ್ರವಾದಿ ಕಿವಿಗೊಟ್ಟದ್ದು, ಎರಡೂ ಅಲ್ಲಿವೆ. ಇದಕ್ಕೆ ಕನಿಷ್ಠ 200 ಪದ ಕೊಡಿ.

ಮೊದಲ ಪುಟದಲ್ಲೇ ‘ಕರುಣಾಮಯಿ’ ಏಳು ಸಲ ಬಂದಿದೆ. ಒಂದನ್ನು ಉಳಿಸಿ. ಹತ್ತು ವರ್ಷ ಸೇವೆ ಮಾಡಿದ ಅನಸ್(ರ) ಅವರಿಗೆ ಪ್ರವಾದಿಯವರು ಒಮ್ಮೆಯೂ ‘ಉಫ್’ (ಬೇಸರದ ಉದ್ಗಾರ) ಎನ್ನಲಿಲ್ಲ ಎಂಬ ಒಂದು ವಾಕ್ಯ ಉಳಿದ ಆರರ ಕೆಲಸ ಮಾಡುತ್ತದೆ. ಅಂಧರಾದ ಇಬ್ನು ಉಮ್ಮಿ ಮಕ್ತೂಮ್(ರ) ಬಂದಾಗ ಪ್ರವಾದಿಯವರು ಮುಖ ಸಿಂಡರಿಸಿದ್ದಕ್ಕೆ ಕುರ್‌ಆನ್ 80ನೇ ಅಧ್ಯಾಯದಲ್ಲಿ ತಿದ್ದಿದ್ದನ್ನೂ ಅಳುಕದೆ ಬರೆಯಿರಿ. ಆ ವಚನಗಳನ್ನು ಅವರು ಬಚ್ಚಿಡದೆ ಜನರಿಗೆ ಓದಿ ಹೇಳಿದರು.

ಹದೀಸ್ ಸಂಖ್ಯೆ ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ, ಆದ್ದರಿಂದ ಗ್ರಂಥದ ಜೊತೆ ಅಧ್ಯಾಯದ ಹೆಸರನ್ನೂ ಕೊಡಿ. ಮುಹಮ್ಮದ್, ಮಹಮ್ಮದ್ ಎರಡೂ ಬೇಡ, ಒಂದೇ ರೂಪ ಇರಲಿ. ‘ಸ’, ‘ರ’ ಸಂಕೇತಗಳ ಅರ್ಥವನ್ನು ಮೊದಲ ಬಳಕೆಯಲ್ಲೇ ಬಿಡಿಸಿ. ಒಟ್ಟು 900 ಪದ ಮೀರದಂತೆ ಮತ್ತೆ ಕಳಿಸಿ.