ಓದುಗರ ಪ್ರಶ್ನೆ: ರಣರಂಗದ ನಡುವೆ ದೂರ ಸರಿಯುವ ಮನಸ್ಸು

ಪ್ರಶ್ನೆ: ಕೆಲವು ಯುದ್ಧಚಿತ್ರಗಳಲ್ಲಿ ಸೈನಿಕ ಗುಂಡಿನ ಸುರಿಮಳೆಯಲ್ಲೇ ಮಂಕಾಗಿ ಕೂತುಬಿಡುತ್ತಾನೆ. ಇನ್ನು ಕೆಲವದರಲ್ಲಿ ಹೆಂಡತಿಯ ನೆನಪಿಗೋ ಬಾಲ್ಯಕ್ಕೋ ಜಾರುತ್ತಾನೆ. ಎರಡೂ ಒಂದೇ ಅಲ್ಲವೇ?

ಉತ್ತರ: ಒಂದೇ ಅಲ್ಲ. ನೆನಪಿಗೆ ಜಾರುವುದು ಪಲಾಯನ. ಅದಕ್ಕೆ ಹೋಗಿ ಸೇರಲು ಒಂದು ಜಾಗವಿದೆ. ಮಂಕಾಗುವುದನ್ನು ಮನೋವೈದ್ಯರು ಡಿಸೋಸಿಯೇಷನ್ ಅನ್ನುತ್ತಾರೆ. ಅಲ್ಲಿ ಮನಸ್ಸು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಇದ್ದು ಎದುರಿನದ್ದರ ನಂಟು ಕಡಿದುಕೊಳ್ಳುತ್ತದೆ. ಸದ್ದು ದೂರದಿಂದ ಬಂದ ಹಾಗೆ, ತನ್ನ ಕೈಯೇ ಬೇರೆ ಯಾರದ್ದೋ ಎಂಬ ಹಾಗೆ ಅನಿಸುತ್ತದೆ. 1998ರಲ್ಲಿ ಬಂದ ಎರಡು ಚಿತ್ರಗಳನ್ನು ಜೊತೆಗಿಟ್ಟು ನೋಡಿ. 'ದಿ ಥಿನ್ ರೆಡ್ ಲೈನ್'ನಲ್ಲಿ ಬೆಲ್ ಎಂಬ ಸೈನಿಕ ಮತ್ತೆ ಮತ್ತೆ ಹೆಂಡತಿಯ ನೆನಪಿಗೆ ಹೋಗುತ್ತಾನೆ, ಅದು ಪಲಾಯನ. 'ಸೇವಿಂಗ್ ಪ್ರೈವೇಟ್ ರಯಾನ್'ನಲ್ಲಿ ಅಮೆರಿಕದ ಸೈನ್ಯ ಬಂದಿಳಿಯುವ ಫ್ರಾನ್ಸಿನ ಒಮಾಹಾ ಕಡಲದಂಡೆಯಲ್ಲಿ ಕ್ಯಾಪ್ಟನ್ ಮಿಲ್ಲರ್‌ಗೆ ಗದ್ದಲವೆಲ್ಲ ಮಂದವಾಗುತ್ತದೆ. ಒಬ್ಬ ಸೈನಿಕ ತುಂಡಾದ ತನ್ನದೇ ತೋಳನ್ನು ಎತ್ತಿಕೊಂಡು ಹೋಗುವುದನ್ನು ಅವನು ಸುಮ್ಮನೆ ನೋಡುತ್ತಾನೆ. ಇದು ಎರಡನೆಯ ಬಗೆ.

ಇವೆರಡರ ನಡುವೆ ಇನ್ನೊಂದಿದೆ. 1982ರ ಲೆಬನಾನ್ ಯುದ್ಧದ ಕುರಿತ 'ವಾಲ್ಟ್ಸ್ ವಿತ್ ಬಶೀರ್' (2008) ಚಿತ್ರದಲ್ಲಿ ಒಬ್ಬ ಹವ್ಯಾಸಿ ಛಾಯಾಗ್ರಾಹಕನ ಪ್ರಸಂಗ ಬರುತ್ತದೆ. ಯುದ್ಧವನ್ನೆಲ್ಲ ಕ್ಯಾಮೆರಾ ಮೂಲಕ ನೋಡುತ್ತಿದ್ದೇನೆ ಎಂದುಕೊಂಡೇ ಅವನು ದಿನ ದೂಡಿರುತ್ತಾನೆ. ಬೈರೂತ್‌ನ ಕುದುರೆ ಪಂದ್ಯದ ಮೈದಾನದಲ್ಲಿ ಸತ್ತು ಬಿದ್ದ, ಸಾಯುತ್ತಿರುವ ಕುದುರೆಗಳನ್ನು ಕಂಡಾಗ ಆ ಕಾಲ್ಪನಿಕ ಕ್ಯಾಮೆರಾ ಕೆಟ್ಟುಹೋಗುತ್ತದೆ, ಭಯ ನೇರವಾಗಿ ಒಳನುಗ್ಗುತ್ತದೆ.

ಪ್ರಶ್ನೆ: ಕಿರುಚಿತ್ರ ಮಾಡುತ್ತಿದ್ದೇವೆ. ಸ್ಫೋಟವಾದ ಮೇಲೆ ಸೈನಿಕನ ಮನಸ್ಸು ಕಳಚಿಕೊಳ್ಳುವುದನ್ನು ತೋರಿಸಬೇಕು. ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಸ್ಲೋ ಮೋಷನ್ ಹಾಕಿ ನೋಡಿದೆವು, ಕೃತಕವಾಗಿ ಕಾಣುತ್ತಿದೆ. ಏನು ಮಾಡಬೇಕು?

ಉತ್ತರ: ಮೊದಲು ಸ್ಲೋ ಮೋಷನ್ ತೆಗೆಯಿರಿ. ಅದು ಧೂಳು, ಬೆಂಕಿ, ರಕ್ತವನ್ನು ಸುಂದರವಾಗಿಸುತ್ತದೆ. ಪಾತ್ರ ಮರಗಟ್ಟಿರುವಾಗ ಪ್ರೇಕ್ಷಕ ಸೊಬಗು ಸವಿಯುತ್ತಿದ್ದರೆ ದೃಶ್ಯ ಸೋತಂತೆಯೇ. ಬದಲಿಗೆ ಶಟರ್ ಕೋನ (ಪ್ರತಿ ಫ್ರೇಮಿಗೆ ಕ್ಯಾಮೆರಾದ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎನ್ನುವ ಅಳತೆ) ಕಿರಿದು ಮಾಡಿ. ಸೆಕೆಂಡಿಗೆ 24 ಫ್ರೇಮಿನಲ್ಲಿ 180 ಡಿಗ್ರಿ ಎಂದರೆ ಪ್ರತಿ ಫ್ರೇಮಿಗೆ 1/48 ಸೆಕೆಂಡು ಬೆಳಕು. 90ಕ್ಕೆ 1/96, 45ಕ್ಕೆ 1/192. ಚಲನೆಯ ಮಸುಕು ಕಡಿಮೆಯಾಗಿ ಹಾರುವ ಮಣ್ಣಿನ ಹರಳೂ ಬಿಡಿಬಿಡಿಯಾಗಿ, ಒರಟಾಗಿ ಕಾಣುತ್ತದೆ. ಒಮಾಹಾ ದೃಶ್ಯಗಳಲ್ಲಿ ಬಳಸಿದ್ದು ಇದನ್ನೇ. ಆದರೆ 45 ಡಿಗ್ರಿಯಲ್ಲಿ ಬೆಳಕು ಕಾಲು ಭಾಗಕ್ಕೆ ಇಳಿಯುವುದರಿಂದ ಹಗಲಲ್ಲೇ ಚಿತ್ರೀಕರಿಸಿ. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಕೆಳಗೆ ಚಿತ್ರ ಮಿಣುಗುತ್ತದೆ.

ಇನ್ನು ಸದ್ದು. ಪೂರ್ತಿ ನಿಶ್ಶಬ್ದ ಬೇಡ, ಸ್ಪೀಕರ್ ಕೆಟ್ಟಿತೆಂದು ಜನ ತಿರುಗಿ ನೋಡುತ್ತಾರೆ. ಲೋ-ಪಾಸ್ ಫಿಲ್ಟರ್ (ತಗ್ಗಿನ ಸದ್ದನ್ನಷ್ಟೇ ಬಿಡುವ ಸೋಸುಕ) ಹಾಕಿ ಸುಮಾರು 600-800 ಹರ್ಟ್ಸ್‌ಗಿಂತ ಮೇಲಿನದ್ದನ್ನು ಕತ್ತರಿಸಿ, ಒಟ್ಟು ಮಟ್ಟವನ್ನು 12 ಡೆಸಿಬೆಲ್‌ನಷ್ಟು ಇಳಿಸಿ. ಗುಂಯ್‌ಸದ್ದು 4,000ದಿಂದ 6,000 ಹರ್ಟ್ಸ್ ನಡುವೆ ಇರಲಿ, ಏಕೆಂದರೆ ಭಾರೀ ಸದ್ದಿನಿಂದ ಕಿವಿಗೆ ಪೆಟ್ಟಾಗುವುದು ಹೆಚ್ಚಾಗಿ ಈ ಭಾಗದಲ್ಲೇ. ಅದನ್ನು ಕೇಳಿಯೂ ಕೇಳಿಸದಷ್ಟು ಸಣ್ಣಗಿಡಿ. ಅದರ ಮೇಲೆ ಪಾತ್ರದ ಉಸಿರು ಮಾತ್ರ ಹತ್ತಿರದಿಂದ ಕೇಳಲಿ. ಈ ಸ್ಥಿತಿಗೆ ಒಮ್ಮೆಲೇ ಹೋಗಿ. ಮರಳುವಾಗ ಮಾತ್ರ ಕಾರಣ ಬೇಕು: ಯಾರೋ ಭುಜ ಹಿಡಿದು ಅಲುಗಿಸಬೇಕು, ತುಟಿ ಮೊದಲು ಕಾಣಬೇಕು, ಮಾತು ಆಮೇಲೆ ಕೇಳಬೇಕು. ಕಿರುಚಿತ್ರಕ್ಕೆ ಅರ್ಧ ನಿಮಿಷ ಧಾರಾಳ.

ಇದೆಲ್ಲ ಉಪಕರಣದ ಮಾತಾಯಿತು. ನಿಮ್ಮ ದೃಶ್ಯ ಕೃತಕವಾಗಿರುವುದಕ್ಕೆ ನಿಜವಾದ ಕಾರಣ ಬೇರೆ ಇರಬಹುದು: ಪಾತ್ರ ಯಾವುದನ್ನು ನೋಡಲಾರದೆ ಕಳಚಿಕೊಂಡಿತು ಎನ್ನುವುದು ಪ್ರೇಕ್ಷಕನಿಗೆ ಗೊತ್ತೇ? ಎರಡನೇ ಮಹಾಯುದ್ಧದ ಬೆಲಾರೂಸ್‌ನಲ್ಲಿ ನಡೆಯುವ 'ಕಮ್ ಆ್ಯಂಡ್ ಸೀ' (1985) ಇಲ್ಲಿ ಪಾಠದಂತಿದೆ. ಬಾಂಬ್ ದಾಳಿಗೆ ಕಿವಿ ಮಂದವಾದ ಹುಡುಗ ಫ್ಲ್ಯೋರಾ, ಗ್ಲಾಶಾ ಎಂಬ ಹುಡುಗಿಯೊಡನೆ ತನ್ನ ಹಳ್ಳಿಗೆ ಬರುತ್ತಾನೆ. ಮನೆಯಲ್ಲಿ ಯಾರೂ ಇಲ್ಲ. ಸೂಪ್ ಇನ್ನೂ ಬೆಚ್ಚಗಿದೆ, ನೊಣಗಳು ಮುತ್ತಿವೆ, ಗೊಂಬೆಗಳು ನೆಲದ ಮೇಲಿವೆ. ಮನೆಯವರು ಎಲ್ಲೋ ಅಡಗಿದ್ದಾರೆಂದು ಅವನು ಓಡುತ್ತಾನೆ. ಹಿಂದೆ ಓಡುವ ಗ್ಲಾಶಾ ಒಮ್ಮೆ ತಿರುಗುತ್ತಾಳೆ. ಗೋಡೆಯ ಬದಿಯಲ್ಲಿ ಹೆಣಗಳ ರಾಶಿ. ನಾವೂ ಅವಳ ಜೊತೆ ಕ್ಷಣಮಾತ್ರ ನೋಡುತ್ತೇವೆ, ಅವನು ನೋಡುವುದಿಲ್ಲ. ಅವನ ನಂಬಿಕೆ ಎದೆ ಸೀಳುವುದು ನಮಗೆ ಸತ್ಯ ಗೊತ್ತಿರುವುದರಿಂದ. ನಿಮ್ಮ ಚಿತ್ರದಲ್ಲೂ ಅಂಥ ಒಂದು ಶಾಟ್ ಇರಲಿ. ನಟನಿಗೆ ಅಳಲು ಹೇಳಬೇಡಿ. ಬೂಟಿನ ದಾರ ಕಟ್ಟುವಂಥ ಸಣ್ಣ ಕೆಲಸ ಕೊಡಿ, ಅದನ್ನೇ ಮತ್ತೆ ಮತ್ತೆ ಮಾಡಲಿ.

ಪ್ರಶ್ನೆ: ಯುದ್ಧದ ದೃಶ್ಯ ನೋಡಿ ರೋಮಾಂಚನವಾಗುತ್ತದೆ. ಇದೂ ಪಲಾಯನವೇ?

ಉತ್ತರ: ಬಹುಮಟ್ಟಿಗೆ ಹೌದು, ಚಿತ್ರ ಬಯಸುವುದೂ ಅದನ್ನೇ ಇರಬಹುದು. ಆ ದೃಶ್ಯವನ್ನು ಸದ್ದು ಮುಚ್ಚಿ ಇನ್ನೊಮ್ಮೆ ನೋಡಿ. ಪುಳಕವೆಲ್ಲ ಹೋದರೆ ಅದು ಸಂಗೀತದ್ದು. 'ಅಪೊಕಲಿಪ್ಸ್ ನೌ' (1979) ಚಿತ್ರದಲ್ಲಿ ಹೆಲಿಕಾಪ್ಟರ್‌ಗಳು ಜರ್ಮನ್ ಸಂಗೀತಗಾರ ವಾಗ್ನರ್‌ನ ಸಂಗೀತ ಮೊಳಗಿಸುತ್ತ ಬರುವಾಗ ಮೈ ನವಿರೇಳುತ್ತದೆ. ಆದರೆ ದಾಳಿಗೆ ಮುನ್ನ ನಿರ್ದೇಶಕ ಕೊಪ್ಪೊಲಾ ಸದ್ದಿಲ್ಲದ ಹಳ್ಳಿಶಾಲೆಯ ಅಂಗಳ, ಅಲ್ಲಿನ ಮಕ್ಕಳನ್ನು ತೋರಿಸುತ್ತಾರೆ. ಹುರುಪಿಗೆ ಯಾರು ಬೆಲೆ ತೆರುತ್ತಾರೆಂದು ತೋರಿಸುವ ಇಂಥ ಶಾಟ್ ಇಲ್ಲದ ಚಿತ್ರಗಳನ್ನು ಅನುಮಾನದಿಂದಲೇ ನೋಡಬೇಕು.

ಪ್ರಶ್ನೆ: ಇಂಥ ಚಿತ್ರ ನೋಡಿದ ಮೇಲೆ ತುಂಬ ಹೊತ್ತು ಸುತ್ತಲಿನದ್ದೆಲ್ಲ ನಿಜವಲ್ಲ ಅನಿಸುತ್ತದೆ.

ಉತ್ತರ: ದೀಪ ಹಾಕಿ, ಪಾದಗಳನ್ನು ನೆಲಕ್ಕೆ ಒತ್ತಿ, ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ. ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿ. ಹೆಚ್ಚಿನವರಿಗೆ ಅಷ್ಟಕ್ಕೇ ಸರಿಹೋಗುತ್ತದೆ. ಚಿತ್ರ ನೋಡದ ದಿನಗಳಲ್ಲೂ ಹಾಗಾಗುತ್ತಿದ್ದರೆ, ಅಥವಾ ಹಳೆಯ ಆಘಾತವೇನಾದರೂ ಕೆದಕಿದಂತಾದರೆ, ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಇಂಥ ಚಿತ್ರಗಳನ್ನು ರಾತ್ರಿ ಒಬ್ಬರೇ ಕೂತು ನೋಡಬೇಡಿ.